ಮದುವೆ ಪ್ಯಾಂಟು ನುಡಿದ ಸುಳ್ಳುಸಾಕ್ಷಿ

ಇನ್ನು ಮುಂದೆ ನನ್ನ ದೇಹದ ಮಾತು ಬಿಟ್ಟು ಬೇರೆ ಯಾರ ಮಾತನ್ನೂ ನಾನು ಕೇಳುವುದಿಲ್ಲ!

ಹೀಗೆಂದು ನಾನು ಊಟದ ಮೇಜಿನ ಪಕ್ಕ ನಿಂತು, ಕೈಯನ್ನು ಎದೆಯ ಮೇಲಿಟ್ಟು, ಪ್ರಮಾಣವಚನದ ಗತ್ತಿನಲ್ಲಿ ಘೋಷಿಸಿದೆ. ನನ್ನ ಹೆಂಡತಿ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತಲಿಲ್ಲ.

"ಇಲ್ಲೀವರೆಗೆ ಯಾರ ಮಾತು ಕೇಳ್ತಿದ್ರಿ?" ಎಂದಳು.

ಏಳನೇ ಕ್ಲಾಸಿನ ಮಗಳು ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ಕಿಸಕ್ಕನೆ ನಕ್ಕಳು. ನಗಲಿ! ಲೋಕದ ಮಹಾನ್ ಸಂಕಲ್ಪಗಳನ್ನೆಲ್ಲ ಮೊದಲು ನೋಡಿ ನಕ್ಕವರು ಆಯಾ ಮಹಾತ್ಮರ ಮನೆಯವರೇ ಇರಬೇಕು.

ಈ ಸಂಕಲ್ಪಕ್ಕೆ ಕಾರಣ ಅಂದು ಮಧ್ಯಾಹ್ನ ನಮ್ಮ ಕಚೇರಿಯಲ್ಲಿ ನಡೆದ ಆರೋಗ್ಯ ಉಪನ್ಯಾಸ. ಉಪನ್ಯಾಸಕರು ಬಾಗಿಲವರೆಗೆ ಕಾರಿನಲ್ಲಿ ಬಂದರು. ಒಂದೇ ಒಂದು ಮಹಡಿ ಹತ್ತಲು ಹತ್ತು ನಿಮಿಷ ಲಿಫ್ಟಿಗೆ ಕಾದರು. ಮೇಲೆ ಬಂದು, ಮೆತ್ತನೆಯ ಕುರ್ಚಿಯಲ್ಲಿ ಕುಳಿತು, ಬೆಳಗಿನಿಂದ ಸಂಜೆಯವರೆಗೆ ಫೈಲು ಹೊತ್ತು ಓಡಾಡುವ ನಮ್ಮ ಅಟೆಂಡರ್‌ಗೆ "ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೀಬೇಕು" ಎಂದು ಬೋಧಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು ಚೆನ್ನಾಗಿ ನಾಲ್ಕು ಮಾತು ಆಡಬೇಕೆಂದಿದ್ದೆ. ಅಷ್ಟರಲ್ಲಿ ಬಿಸ್ಕತ್ತಿನ ತಟ್ಟೆ ನಮ್ಮ ಸಾಲಿಗೆ ಬಂತು. ಬಾಯಲ್ಲಿ ಬಿಸ್ಕತ್ತು ಇದ್ದವನು ಅನ್ಯಾಯದ ವಿರುದ್ಧ ದನಿ ಎತ್ತಲಾರ. ಇದನ್ನು ನಾನು ಅನುಭವದಿಂದ ಕಲಿತೆ. ಬಿಸ್ಕತ್ತು ಇಡುವವರು ನನಗಿಂತ ಮೊದಲೇ ಕಲಿತಿದ್ದಾರೆ.

ಆದರೆ ಅವರು ಕೊನೆಗೆ ಹೇಳಿದ ಮಾತೊಂದು ಬಿಸ್ಕತ್ತಿನ ಜೊತೆಗೇ ನನ್ನೊಳಗೆ ಇಳಿದುಬಿಟ್ಟಿತು. "ನಿಮ್ಮ ದೇಹ ನಿಮ್ಮ ಹತ್ತಿರ ಯಾವಾಗಲೂ ಮಾತಾಡ್ತಾ ಇರುತ್ತೆ. ನೀವು ಸುಮ್ನೆ ಕೇಳಿಸ್ಕೊಳ್ಳಿ, ಸಾಕು." ಅಯ್ಯೋ, ನಲವತ್ತೆರಡು ವರ್ಷ ಈ ದೇಹದ ಜೊತೆ ಸಂಸಾರ ಮಾಡಿ, ಒಂದು ದಿನವೂ ಅದರ ಯೋಗಕ್ಷೇಮ ವಿಚಾರಿಸಲಿಲ್ಲವಲ್ಲ! ಬರುವಾಗಲೇ ಇನ್ನೂರು ಪುಟದ ನೋಟ್‌ಬುಕ್ ತಂದೆ. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 'ದೇಹವಾಣಿ' ಎಂದು ಬರೆದೆ.

ಮರುದಿನವೇ ದೇಹ ಮಾತಾಡತೊಡಗಿತು. ಬೆಳಿಗ್ಗೆ ಐದೂವರೆಗೆ ಅಲಾರಂ ಹೊಡೆಯಿತು. ಎರಡೂ ಕಣ್ಣು ಒಮ್ಮತದಿಂದ "ಈಗಲೇ ಬೇಡ" ಎಂದವು. ದಾಖಲಿಸಿದೆ. ಆರೂವರೆಗೆ ವಾಕಿಂಗ್ ಹೋಗಲೆಂದು ಬಾಗಿಲವರೆಗೆ ನಡೆದೆ. ಎಡ ಮೊಣಕಾಲು "ನಾಳೆ ನೋಡೋಣ" ಎಂದಿತು. ದಾಖಲಿಸಿದೆ. ಹನ್ನೊಂದಕ್ಕೆ ಹೊಟ್ಟೆ "ಬಿಸ್ಕತ್ತು" ಎಂದಿತು. ಹನ್ನೊಂದೂ ಕಾಲಿಗೆ "ಇನ್ನೊಂದು" ಎಂದಿತು. ಹೊಟ್ಟೆಯದು ಮಾತ್ರ ಬಹಳ ಸ್ಪಷ್ಟ ಉಚ್ಚಾರಣೆ!

ಒಂದು ವಾರದಲ್ಲಿ ನನ್ನ ದೇಹ ಮೂವತ್ತೊಂಬತ್ತು ಸಲ ಮಾತಾಡಿತು. ಒಂದು ಸಲವಾದರೂ "ಏಳು" ಎನ್ನಲಿಲ್ಲ. ಒಂದು ಸಲವಾದರೂ "ಸಾಕು" ಎನ್ನಲಿಲ್ಲ. ಎಂಥ ಸಜ್ಜನ ದೇಹ! ಇಷ್ಟು ವರ್ಷ ಸುಮ್ಮನೆ ಅದಕ್ಕೆ ಹೆದರಿಕೊಂಡಿದ್ದೆ.

"ರೀ, ಆ ದೇಹಕ್ಕೆ ಸ್ವಲ್ಪ ಕಸದ ಬುಟ್ಟಿ ಕೆಳಗಿಟ್ಟು ಬರೋಕೆ ಹೇಳಿ" ಎಂದಳು ಹೆಂಡತಿ.

ನಾನು ಕಣ್ಣು ಮುಚ್ಚಿ ಒಳದನಿಗೆ ಕಿವಿಗೊಟ್ಟೆ. "ಇವತ್ತು ಬೇಡ ಅಂತಿದೆ ಕಣೇ."

"ನನ್ನ ದೇಹ ಏನಂತಿದೆ ಗೊತ್ತಾ?"

"ಏನಂತೆ?"

"ಬುಟ್ಟಿ ಇವರ ತಲೆ ಮೇಲೇ ಸುರಿ ಅಂತಿದೆ."

ನಾನು ಎದ್ದು ಕಸದ ಬುಟ್ಟಿ ತೆಗೆದುಕೊಂಡು ಹೋದೆ. ಬೇರೆಯವರ ದೇಹದ ಮಾತಿಗೂ ಬೆಲೆ ಕೊಡಬೇಕಲ್ಲ!

ಇಲ್ಲಿ ನನ್ನ ಕೆಲಸದ ವಿಷಯ ಹೇಳಲೇಬೇಕು. ನಾನು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ನಿಜ ಹೇಳುತ್ತದೋ ಸುಳ್ಳು ಹೇಳುತ್ತದೋ ಪರೀಕ್ಷಿಸುವುದು ನನ್ನ ಉದ್ಯೋಗ. ಸುಳ್ಳು ತಕ್ಕಡಿ ಕಂಡರೆ ನನಗೆ ಕಣ್ಣು ಕೆಂಪಾಗುತ್ತದೆ. ಬಡವರ ಚೀಲದಿಂದ ನೂರು ಗ್ರಾಂ ಕದಿಯುವವನಿಗೂ ಮನೆಗೆ ಕನ್ನ ಹಾಕುವವನಿಗೂ ನನ್ನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಸೀಲು, ಅರಗು, ನೋಟೀಸು ಯಾವಾಗಲೂ ನನ್ನ ಬ್ಯಾಗಿನಲ್ಲಿ ಸಿದ್ಧ. ಪೇಟೆಯಲ್ಲಿ ನಾನು ನಡೆದು ಬಂದರೆ ಅರ್ಧ ಅಂಗಡಿಯವರು ತಕ್ಕಡಿ ಒರೆಸುತ್ತಾರೆ, ಉಳಿದರ್ಧ ಜನ ಹಣೆ ಒರೆಸಿಕೊಳ್ಳುತ್ತಾರೆ.

ಆದರೆ ನಾನು ಮಾತ್ರ ತಕ್ಕಡಿ ಹತ್ತಿದವನಲ್ಲ. ಹತ್ತುವ ಅಗತ್ಯವೇ ಇರಲಿಲ್ಲ! ಕೆಲಸಕ್ಕೆ ಸೇರಿದಾಗ ವೈದ್ಯರು ನನ್ನ ತೂಕ ಅರವತ್ತೆಂಟು ಕಿಲೋ ಎಂದು ಬರೆದಿದ್ದರು. ಅದೇ ವರ್ಷ ನನ್ನ ಮದುವೆ. ಮದುವೆಗೆಂದು ಬೂದು ಬಣ್ಣದ ಪ್ಯಾಂಟೊಂದನ್ನು ಹೊಲಿಸಿದ್ದೆ. ಹದಿನಾಲ್ಕು ವರ್ಷಗಳಿಂದ ಪ್ರತಿ ತಿಂಗಳ ಮೊದಲ ತಾರೀಕು ಆ ಪ್ಯಾಂಟು ಹಾಕಿ, ಗುಂಡಿ ಕೂಡಿಸಿ ನೋಡುತ್ತೇನೆ. ಪ್ರತಿ ಸಲವೂ ಗುಂಡಿ ಸಲೀಸಾಗಿ ಕೂಡುತ್ತದೆ. ಇಲಾಖೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಪ್ರಮಾಣ ತೂಕ ಇಟ್ಟಿರುತ್ತಾರಲ್ಲ, ಬೇರೆಲ್ಲ ತೂಕಗಳನ್ನೂ ಹೋಲಿಸಿ ನೋಡಲು? ನನ್ನ ಪಾಲಿಗೆ ಆ ಪ್ಯಾಂಟು ಅದೇ. ಪ್ಯಾಂಟು ಹಿಡಿಸುತ್ತದೆ, ಆದ್ದರಿಂದ ಸೊಂಟ ಅಷ್ಟೇ ಇದೆ. ಸೊಂಟ ಅಷ್ಟೇ ಇದೆ, ಆದ್ದರಿಂದ ತೂಕ ಅರವತ್ತೆಂಟು! ಈ ತರ್ಕದಲ್ಲಿ ತಪ್ಪು ಹುಡುಕಲು ನ್ಯಾಯಾಧೀಶರಿಂದಲೂ ಸಾಧ್ಯವಿರಲಿಲ್ಲ. ಒಬ್ಬ ದರ್ಜಿಯಿಂದ ಮಾತ್ರ ಸಾಧ್ಯವಿತ್ತು. ನನ್ನ ಹೆಂಡತಿ ದರ್ಜಿ. ಅವಳು ಬಾಯಿ ಬಿಟ್ಟಿರಲಿಲ್ಲ.

ಸಂಕಲ್ಪದ ಎಂಟನೇ ದಿನ ನಾನೂ ನಮ್ಮ ಜೀಪಿನ ಡ್ರೈವರೂ ಗುಜರಿ ಅಂಗಡಿಯೊಂದರ ತಪಾಸಣೆಗೆ ಹೋದೆವು. ಅಂಗಡಿಯ ಯಜಮಾನಿಗೆ ಅರವತ್ತರ ಆಸುಪಾಸು. ಬೀದಿಯವರೆಲ್ಲ ಆಕೆಯನ್ನು ದೊಡ್ಡಮ್ಮ ಎನ್ನುತ್ತಾರೆ. ಹಳೇ ಪೇಪರು, ತುಕ್ಕು ಕಬ್ಬಿಣ, ಖಾಲಿ ಬಾಟಲಿಗಳ ಗುಡ್ಡಗಳ ನಡುವೆ ದೊಡ್ಡಮ್ಮ ಸ್ಟೂಲಿನ ಮೇಲೆ ಕೂತಿದ್ದರು. ಬಾಗಿಲ ಪಕ್ಕ ಒಂದು ಕರಿಹಲಗೆ. ಮಾಲು ಒಯ್ಯುವ ಲಾರಿಯವನಿಗೆ ತಿಳಿಯಲೆಂದು ಯಾವ ಸಾಮಾನು ಎಷ್ಟು ಕಿಲೋ ಇದೆ ಎಂದು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು. 'ಪೇಪರ್ ೩೧೦. ಕಬ್ಬಿಣ ೧೪೫. ತಾಮ್ರ: ಮಾಲು ಬಂದಿಲ್ಲ.' ಮಧ್ಯೆ ನೆಲದ ಮೇಲೆ ಕಬ್ಬಿಣದ ಹಲಗೆಯ ದೊಡ್ಡ ತಕ್ಕಡಿ. ಎದುರಿಗೆ ಕೆಂಪು ಅಂಕಿಯ ಪೆಟ್ಟಿಗೆ.

ಇಂಥ ತಕ್ಕಡಿ ಪರೀಕ್ಷಿಸುವ ಕ್ರಮವೇ ಬೇರೆ. ಇಪ್ಪತ್ತು ಕಿಲೋ ತೂಗುವ ಎಂಟು ಕಬ್ಬಿಣದ ಬಟ್ಟುಗಳು ಜೀಪಿನಲ್ಲಿರುತ್ತವೆ. ಅವನ್ನು ಒಂದೊಂದಾಗಿ ಹೊತ್ತು ತಂದು ಮೇಲಿಡಬೇಕು.

"ಅಣ್ಣ, ಬಟ್ಟು ಇಳಿಸಿ" ಎಂದೆ ಡ್ರೈವರಿಗೆ.

ಆತ ನಿವೃತ್ತಿಗೆ ಎರಡು ವರ್ಷ ಬಾಕಿಯಿರುವ ಮನುಷ್ಯ. ಕಣ್ಣು ಮುಚ್ಚಿ ಒಂದು ಕ್ಷಣ ಧ್ಯಾನಸ್ಥನಾದ. "ಸಾರ್, ನನ್ನ ಸೊಂಟ ಏನೋ ಹೇಳ್ತಾ ಇದೆ."

"ಏನಂತೆ?"

"ಸಾಹೇಬ್ರೇ ಇಳಿಸ್ಕೊಳ್ಳಲಿ ಅಂತಿದೆ."

ಅಂದಿನ ಉಪನ್ಯಾಸಕ್ಕೆ ಆತನೂ ಬಂದಿದ್ದನೆಂಬುದು ನನಗೆ ಆಗ ನೆನಪಾಯಿತು. ಹಿಂದಿನ ಸಾಲು. ನನಗಿಂತ ಎರಡು ಬಿಸ್ಕತ್ತು ಜಾಸ್ತಿ ತಿಂದಿದ್ದ. ಸರಿ, ನಾನೂ ನನ್ನ ಭುಜಗಳನ್ನು ಕೇಳಿದೆ. ಎರಡೂ ಒಟ್ಟಿಗೆ "ಸಾಧ್ಯವೇ ಇಲ್ಲ" ಎಂದವು.

ಆಗ ನನ್ನ ತಲೆಯಲ್ಲಿ ಆ ದಿವ್ಯ ಬೆಳಕು ಹೊತ್ತಿಕೊಂಡಿತು! ಬಟ್ಟು ಯಾಕೆ ಬೇಕು? ನಾನಿಲ್ಲವೇ? ಸರ್ಕಾರಿ ದಾಖಲೆಯಲ್ಲಿ ತೂಕ ನಮೂದಾಗಿರುವ, ತಿಂಗಳು ತಿಂಗಳೂ ಪ್ಯಾಂಟಿನಿಂದ ದೃಢಪಟ್ಟಿರುವ ಜೀವಂತ ಪ್ರಮಾಣ ತೂಕ ನಾನು! ಚಪ್ಪಲಿ ಬಿಟ್ಟು, ಬ್ಯಾಗು ಕೆಳಗಿಟ್ಟು, ಗಂಭೀರವಾಗಿ ತಕ್ಕಡಿ ಹತ್ತಿದೆ. ಕೆಂಪು ಅಂಕಿ ಒಂದೆರಡು ಸಲ ಮಿಟುಕಿ ನಿಂತಿತು.

ಎಂಬತ್ನಾಲ್ಕು!

"ಹದಿನಾರು ಕಿಲೋ ಮೋಸ!" ಎಂದು ನಾನು ಅಬ್ಬರಿಸಿದ ರಭಸಕ್ಕೆ ಪೇಪರಿನ ಗುಡ್ಡದ ಮೇಲೆ ಮಲಗಿದ್ದ ಬೆಕ್ಕು ಕಬ್ಬಿಣದ ಗುಡ್ಡಕ್ಕೆ ಹಾರಿತು. ಬೀದಿಯ ಜನ ಬಾಗಿಲಿಗೆ ಮುತ್ತಿದರು.

ದೊಡ್ಡಮ್ಮ ಸ್ಟೂಲಿನಿಂದ ಎದ್ದು ಬಂದರು. "ಯಾರ ತೂಕ ಇಟ್ಟು ನೋಡಿದ್ರಿ ಸಾರ್?"

"ನನ್ನದು!"

"ನಿಮ್ಮದು ಎಷ್ಟು?"

"ಅರವತ್ತೆಂಟು. ದಾಖಲೆ ಇದೆ."

ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು. ಆಮೇಲೆ ಮಧ್ಯಭಾಗವನ್ನು ಮಾತ್ರ ಇನ್ನೊಮ್ಮೆ ನೋಡಿದರು. "ಸಾರ್, ನಾನು ಗುಜರಿ ಕೊಳ್ಳೋಳು. ತಕ್ಕಡಿ ಜಾಸ್ತಿ ತೋರಿಸಿದ್ರೆ ನಷ್ಟ ನನಗೇ. ನನಗೆ ನಾನೇ ಮೋಸ ಮಾಡ್ಕೊಳ್ಳೋಷ್ಟು ದಡ್ಡಿ ಥರ ಕಾಣ್ತೀನಾ?"

ಒಳ್ಳೆಯ ಪ್ರಶ್ನೆ. ಆದರೆ ಸೇರಿದ ಜನ ನೋಡುತ್ತಿದ್ದಾರೆ! "ಕೊಳ್ಳುವಾಗ ನಷ್ಟ ಆಗಬಹುದಮ್ಮ. ಆದರೆ ಲಾರಿಗೆ ಮಾರುವಾಗಲೂ ಇದೇ ತಕ್ಕಡಿ ತಾನೇ? ಅಲ್ಲಿ ಲಾಭ! ನನಗೆ ಇದೆಲ್ಲ ಗೊತ್ತಾಗಲ್ಲ ಅಂದ್ಕೊಂಡ್ಯಾ?"

"ನಾಳೆ ಮಧ್ಯಾಹ್ನಕ್ಕೇ ಲಾರಿ ಬರುತ್ತೆ ಸಾರ್. ತಿಂಗಳ ಮಾಲೆಲ್ಲ ತೂಗಿ ಹಾಕಬೇಕು. ಬಟ್ಟು ಇಟ್ಟು ನೋಡಿ, ಆಮೇಲೆ ಏನು ಬೇಕಾದ್ರೂ ಮಾಡಿ. ಮೂವತ್ತು ವರ್ಷದಿಂದ ಇಲ್ಲಿ ಕೂತಿದೀನಿ, ಒಬ್ರ ಬಾಯಲ್ಲೂ ಒಂದು ಮಾತು ಬಂದಿಲ್ಲ."

"ಇವತ್ತು ಬಂತಲ್ಲ!" ಎಂದೆ.

ಈ ಮಾತನ್ನು ನಾನೇ ಆಡಿದೆ. ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಅರಗು ಕರಗಿಸಿ ತಕ್ಕಡಿಗೆ ಸೀಲು ಹಾಕಿದೆ. 'ಈ ಅಂಗಡಿಯ ತಕ್ಕಡಿ ತಪ್ಪು ತೂಕ ತೋರಿಸುತ್ತದೆ' ಎಂಬ ನೋಟೀಸನ್ನು ಬಾಗಿಲಿಗೆ ಅಂಟಿಸಿದೆ. ಗುಂಪಿನಲ್ಲಿ ಯಾರೋ "ದೊಡ್ಡಮ್ಮನೂ ಹೀಗಾ?" ಎಂದರು. ದೊಡ್ಡಮ್ಮ ಸ್ಟೂಲಿನ ಮೇಲೆ ಹೋಗಿ ಕೂತು, ಕೈಯಲ್ಲಿದ್ದ ಸೀಮೆಸುಣ್ಣವನ್ನು ನೋಡುತ್ತ ಉಳಿದರು. ನಾನು ಜೀಪು ಹತ್ತಿದೆ. ದೇಹ "ಭಲೇ!" ಎಂದಿತು. ದಾಖಲಿಸಿದೆ.

ಸಂಜೆ ಮನೆಗೆ ಬಂದು ಈ ವೀರಗಾಥೆಯನ್ನು ರಸವತ್ತಾಗಿ ವರ್ಣಿಸತೊಡಗಿದೆ. ಹೆಂಡತಿಯ ಮೆಷಿನ್ನು ಟರ್ರ್ ಎಂದು ಓಡುತ್ತಲೇ ಇತ್ತು. ನಾನು ಮಾತಾಡುವಾಗ ಅದು ನಿಂತದ್ದನ್ನು ಹದಿನಾಲ್ಕು ವರ್ಷದಲ್ಲಿ ಕಂಡವನಲ್ಲ.

"ಹದಿನಾರು ಕಿಲೋ ವ್ಯತ್ಯಾಸ ಕಣೇ! ಬಟ್ಟು ಕೂಡ ಬೇಕಾಗಲಿಲ್ಲ, ನಾನೇ ಹತ್ತಿ ನಿಂತೆ!"

ಮೆಷಿನ್ನು ನಿಂತಿತು.

"ಯಾರು ಹತ್ತಿದ್ದು?"

"ನಾನೇ."

"ಎಷ್ಟು ತೋರಿಸ್ತು?"

"ಎಂಬತ್ನಾಲ್ಕು. ಹೆಂಗಿದೆ ನೋಡು ಧೈರ್ಯ!"

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ಯಾವ ಅಂಗಡಿ? ಕರಿಹಲಗೆ ದೊಡ್ಡಮ್ಮಂದಾ?"

"ಹೂಂ. ನಿನಗೆ ಹೇಗೆ ಗೊತ್ತು?"

"ನನ್ನ ಬಟ್ಟೆ ಚೂರೆಲ್ಲ ಅಲ್ಲೇ ಹಾಕೋದು, ಮದುವೆಯಾದಾಗಿಂದ. ಒಂದು ಎಳೆ ದಾರ ಆಚೀಚೆ ಆಗಿಲ್ಲ ಆ ತಕ್ಕಡೀಲಿ. ರೀ, ಸೀಲು ಹಾಕಿಬಿಟ್ರಾ?"

"ನೋಟೀಸೂ ಅಂಟಿಸಿದೆ!"

"ಅಯ್ಯೋ ದೇವ್ರೇ" ಎಂದು ಅವಳು ಎದ್ದು ಬೀರುವಿನತ್ತ ಹೋದಳು. ಮದುವೆಯ ಪ್ಯಾಂಟು ಹೊರಬಂತು. ಮೇಜಿನ ಮೇಲೆ ಹರಡಿ, ಒಳಗು ಹೊರಗು ಮಾಡಿದಳು. "ನೋಡಿ."

ನೋಡಿದೆ. ನಡುವಿನ ಹಿಂಭಾಗದಲ್ಲಿ, ಹೊಲಿಗೆಯ ಪಕ್ಕ ಹೊಲಿಗೆ, ಅದರ ಪಕ್ಕ ಇನ್ನೊಂದು ಬಿಚ್ಚಿದ ಹೊಲಿಗೆಯ ಗುರುತು. ಕಡಿದ ಮರದ ಬುಡದಲ್ಲಿ ವಯಸ್ಸು ಎಣಿಸಲು ಉಂಗುರಗಳಿರುತ್ತವಲ್ಲ, ಹಾಗೆ!

"ಇದೇನೇ?"

"ಇದು ಮೊದಲನೇ ವರ್ಷದ್ದು. ಇದು ಎರಡನೇದು. ಇದು ನಿಮಗೆ ಪ್ರಮೋಷನ್ ಆಯ್ತಲ್ಲ, ಆ ವರ್ಷ. ಅದಕ್ಕೆ ಒಂದಿಂಚು ಬಿಟ್ಟಿದೀನಿ. ಒಳಗಿದ್ದ ಮಾರ್ಜಿನ್ ಆರು ವರ್ಷಕ್ಕೇ ಮುಗೀತು. ಆಮೇಲಿಂದ ತೇಪೆ."

"ತೇಪೆನಾ!"

ಮಗಳು ಬಂದು ಬಗ್ಗಿ ನೋಡಿದಳು. ಬೂದು ಬಣ್ಣದ ತ್ರಿಕೋನಾಕಾರದ ತೇಪೆಯ ಮೇಲೆ ಬೆರಳಿಟ್ಟು ಕಿರುಚಿದಳು. "ಅಮ್ಮಾ! ಇದು ನನ್ನ ಮೂರನೇ ಕ್ಲಾಸಿನ ಯೂನಿಫಾರ್ಮ್ ಸ್ಕರ್ಟ್! ಇಂಕಿನ ಕಲೆ ಕೂಡ ಇದೆ!"

ಒಬ್ಬ ಸರ್ಕಾರಿ ಇನ್ಸ್‌ಪೆಕ್ಟರ್ ಮೂರನೇ ಕ್ಲಾಸಿನ ಸ್ಕರ್ಟಿನ ಬಲದ ಮೇಲೆ ಊರಿಗೆಲ್ಲ ನ್ಯಾಯ ಹಂಚುತ್ತಿದ್ದ ಎಂಬುದು ನನಗೆ ಹೀಗೆ ತಿಳಿದುಬಂತು.

ಪ್ರಮಾಣ ತೂಕವನ್ನೇ ತಿದ್ದುವುದು! ನಮ್ಮ ಇಲಾಖೆಯಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. ನಾನು ಎದೆಯುಬ್ಬಿಸಿ ನಿಂತೆ. "ಯಾಕೆ ಹೀಗೆ ಮಾಡಿದೆ? ಹದಿನಾಲ್ಕು ವರ್ಷ ನನಗೆ ಮೋಸ!"

"ಯಾಕಾ? ಮೊದಲನೇ ವರ್ಷ ಗುಂಡಿ ಕೂಡಲಿಲ್ಲ. ಆಗ ಏನು ಮಾಡಿದ್ರಿ, ನೆನಪಿದೆಯಾ? ಬಟ್ಟೆ ಕುಗ್ಗಿದೆ, ಅಂಗಡಿಯವನು ಅಳತೇಲಿ ಮೋಸ ಮಾಡಿದಾನೆ, ಕೇಸು ಹಾಕ್ತೀನಿ ಅಂತ ಬ್ಯಾಗು ಹಿಡ್ಕೊಂಡು ಹೊರಟ್ರಿ. ಆ ಮನುಷ್ಯನಿಗೆ ಮೂರು ಮಕ್ಕಳು. ಒಗೆದು ಕೊಡ್ತೀನಿ ಅಂತ ನಿಮ್ಮನ್ನ ತಡೆದು, ರಾತ್ರಿ ಅರ್ಧ ಇಂಚು ಬಿಟ್ಟೆ. ಹಾಕ್ಕೊಂಡು ನೋಡಿ, 'ಓ, ಒಗೆದ ಮೇಲೆ ಸರಿಯಾಯ್ತು' ಅಂದ್ರಿ. ಅವನು ಬಚಾವಾದ. ಮಾರನೇ ವರ್ಷ ಸೋಪಿನವನ ಸರದಿ. ಅದರ ಮಾರನೇ ವರ್ಷ ಇಸ್ತ್ರಿಯವನದು. ಈ ಊರಲ್ಲಿ ನಿಮ್ಮಿಂದ ನಾನು ಎಷ್ಟು ಜನರನ್ನ ಉಳಿಸಿದೀನಿ ಅಂತ ಈ ಹೊಲಿಗೆ ಎಣಿಸಿ, ಗೊತ್ತಾಗುತ್ತೆ!"

ಎಣಿಸಿದೆ. ಹನ್ನೊಂದು.

"ಬಾಯಿ ಬಿಟ್ಟು ಹೇಳಬಹುದಿತ್ತಲ್ಲ" ಎಂದೆ. ದನಿ ನನ್ನದೇ ಆಗಿತ್ತು, ಆದರೆ ಅದರ ಹದಿನಾರು ಕಿಲೋ ಇಳಿದಿತ್ತು.

"ಹೇಳಬೇಕಿತ್ತು. ಅದು ನನ್ನ ತಪ್ಪು. ಆದ್ರೆ ನಾನು ಹೇಳದಿದ್ರೂ ದೇಹ ಹೇಳ್ತಾನೇ ಇತ್ತಲ್ಲ ರೀ? ದಿನಾ ಸಂಜೆ ಬಾಗಿಲ ಹಿಂದೆ ನಿಂತು ನಾನು ಕೇಳಿಸ್ಕೋತೀನಿ. ಮೊದಲನೇ ಮಹಡೀಲಿ ನಿಲ್ತೀರಿ, 'ಈ ದೀಪ ಹಗಲಲ್ಲಿ ಯಾರು ಹಾಕಿದ್ದು' ಅಂತ ಬಯ್ತೀರಿ. ಎರಡನೇದ್ರಲ್ಲಿ ಚಪ್ಪಲಿ ಸರಿ ಮಾಡ್ಕೋತೀರಿ. ಮೂರನೇದ್ರಲ್ಲಿ ಜೇಬೆಲ್ಲ ತಡಕಾಡಿ ಬೀಗದಕೈ ಹುಡುಕ್ತೀರಿ. ಬಾಗಿಲು ತೆಗೆದೇ ಇರುತ್ತೆ, ಬೀಗದಕೈ ಯಾಕೆ ಬೇಕು? ಆ ಏದುಸಿರು ನನಗೆ ಕೇಳುತ್ತೆ. ನಿಮಗೆ ಮಾತ್ರ ಬಿಸ್ಕತ್ತು ಅಂತ ಕೇಳುತ್ತೆ!"

ಮಗಳು ದೇಹವಾಣಿಯನ್ನು ಮೆಲ್ಲಗೆ ನನ್ನತ್ತ ತಳ್ಳಿದಳು. "ಇದನ್ನ ಬರ್ಕೋತೀಯಾ ಅಪ್ಪಾ?"

"ಬರೆಯೋದು ಆಮೇಲೆ" ಎಂದಳು ಹೆಂಡತಿ. "ನಾಳೆ ಲಾರಿ ಬರೋ ಮುಂಚೆ ಆ ಸೀಲು ತೆಗೀಬೇಕು. ಅವರು ಮೂವತ್ತು ವರ್ಷ ದುಡಿದ ಹೆಸರು ಅದು."

ಮರುದಿನ ಬೆಳಿಗ್ಗೆ ಕಚೇರಿ ತೆರೆಯುವ ಮೊದಲೇ ಅಂಗಳದಲ್ಲಿದ್ದೆ. ಹಾಕಿಕೊಂಡದ್ದು ಅದೇ ಪ್ಯಾಂಟು. ಶಿಕ್ಷೆ ಅನುಭವಿಸುವವನ ಜೊತೆ ಸುಳ್ಳುಸಾಕ್ಷಿಯೂ ಇರಲಿ ಎಂದು. ಸೀಲು ತೆಗೆಯಬೇಕಾದರೆ ಬಟ್ಟು ಇಟ್ಟು ಪರೀಕ್ಷಿಸಲೇಬೇಕು, ಅದು ನಿಯಮ. ಬಟ್ಟುಗಳು ಜೀಪಿನ ತೆರೆದ ಹಿಂಭಾಗದಲ್ಲಿ. ಜೀಪು ಓಡಿಸುವ ಕೀಲಿ ಡ್ರೈವರಿನ ಜೇಬಿನಲ್ಲಿ. ಡ್ರೈವರಿಗೆ ಫೋನು ಮಾಡಿದೆ.

"ಇವತ್ತು ರಜಾ ಹಾಕು ಅಂತಿದೆ ಸಾರ್, ದೇಹ" ಎಂದ.

ಬಯ್ಯಲು ನನಗೆ ಯಾವ ಬಾಯಿ ಉಳಿದಿತ್ತು?

ಇಪ್ಪತ್ತು ಕಿಲೋದ ಮೊದಲ ಬಟ್ಟನ್ನು ಹೆಗಲಿಗೇರಿಸಿ ಹೊರಟೆ. ಗುಜರಿ ಅಂಗಡಿಗೆ ಬರೀ ಎರಡು ಬೀದಿ. ಮೊದಲ ಬೀದಿಯ ಅರ್ಧಕ್ಕೆ ಬರುವಷ್ಟರಲ್ಲಿ, ಓದುಗರೇ, ನನ್ನ ದೇಹ ಮಾತಾಡಿತು! ಆ ವಾರವಿಡೀ ಕೇಳಿದ ಸಿಹಿ ದನಿ ಅದಲ್ಲವೇ ಅಲ್ಲ. ಅದು ದೇಹದ ಹೆಸರಿನಲ್ಲಿ ಮಾತಾಡುತ್ತಿದ್ದ ನನ್ನ ಸೋಮಾರಿತನ. ನಿಜವಾದ ದೇಹಕ್ಕೆ ನನ್ನ ಅಜ್ಜಿಯ ದನಿಯಿತ್ತು. "ಹದಿನಾಲ್ಕು ವರ್ಷದಿಂದ ಬಡ್ಕೋತಾ ಇದೀನಲ್ಲೋ, ಈಗ ಕೇಳಿಸ್ತಾ ಮಹಾರಾಯ?" ಎಂದು ಮೊಣಕಾಲಿನಿಂದ ಕಿವಿಯವರೆಗೆ ಒಂದೇ ಸಮನೆ ಬಯ್ಯುತ್ತಿತ್ತು. ಅಕ್ಕಪಕ್ಕದ ಅಂಗಡಿಯವರು ಹೊರಗೆ ಬಂದು ಸಾಲಾಗಿ ನಿಂತರು. ಇಷ್ಟು ವರ್ಷ ನನ್ನನ್ನು ಕಂಡು ಹಣೆ ಒರೆಸಿಕೊಳ್ಳುತ್ತಿದ್ದವರು ಅಂದು ನಾನು ಹಣೆ ಒರೆಸಿಕೊಳ್ಳುವುದನ್ನು ಕಣ್ತುಂಬ ನೋಡಿದರು.

ಬಟ್ಟನ್ನು ದೊಡ್ಡಮ್ಮನ ಬಾಗಿಲಲ್ಲಿ ಇಳಿಸಿದೆ. ಕ್ಷಮೆ ಕೇಳಲು ಉಸಿರಿರಲಿಲ್ಲ. ಎರಡನೆಯದು. ಮೂರನೆಯದು. ನಾಲ್ಕನೆಯದನ್ನು ಇಳಿಸಿದಾಗ ಬಾಗಿಲಿಗೆ ಒರಗಿ ಕುಳಿತೇಬಿಟ್ಟೆ. ಪ್ಯಾಂಟಿನ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಬಿಟ್ಟಿದ್ದು ನನ್ನ ಜೀವ.

"ಒಳಗೆ ತಳ್ಳುಗಾಡಿ ಇದೆ ಸಾರ್" ಎಂದರು ದೊಡ್ಡಮ್ಮ. "ಉಳಿದ ನಾಲ್ಕೂ ಒಂದೇ ಸಲ ತರಬಹುದು."

"ಮೊದಲೇ ಹೇಳಬಾರದಿತ್ತಾ ದೊಡ್ಡಮ್ಮ!"

"ನಿಮ್ಮ ದೇಹದ ಮಾತನ್ನ ನೀವು ಕೇಳ್ತೀರಂತಲ್ಲ, ನಿಮ್ಮ ಡ್ರೈವರು ನಿನ್ನೆ ಹೇಳ್ತಿದ್ದ. ಅದೇನಾದ್ರೂ ಹೇಳುತ್ತೇನೋ ಅಂತ ಕಾದೆ."

"ನಿಮಗೆ ಇದೆಲ್ಲ ದಿನಾ ಎತ್ತಿ ಎತ್ತಿ ನೋವಾಗಲ್ವಾ?"

"ನನ್ನ ಮೊಣಕಾಲೂ ಮೂವತ್ತು ವರ್ಷದಿಂದ ಮಾತಾಡ್ತಾನೇ ಇದೆ. ಕೂತು ಕೇಳೋಕೆ ಪುರುಸೊತ್ತು ಸಿಕ್ಕಿಲ್ಲ. ಅಂಥ ಉಪನ್ಯಾಸ ನಮ್ಮ ಬೀದಿಗೆ ಬರಲ್ಲ, ಬಂದ್ರೂ ಬಿಸ್ಕತ್ತು ತರಲ್ಲ."

ಎದ್ದು ತಳ್ಳುಗಾಡಿ ಹಿಡಿದೆ.

ಎಂಟನೇ ಬಟ್ಟು ತಕ್ಕಡಿ ಏರಿದಾಗ ಬೀದಿಯ ತುದಿಯಲ್ಲಿ ಲಾರಿಯ ಹಾರನ್ನು ಕೇಳಿಸಿತು. ಕೆಂಪು ಅಂಕಿ ಮಿಟುಕಿತು, ನಿಂತಿತು. ನೂರ ಅರವತ್ತು! ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಡಿಮೆಯಿಲ್ಲ. ನಾನು ಅರಗು ಒಡೆದೆ. ಬಾಗಿಲಿನ ನೋಟೀಸು ಕಿತ್ತೆ. ನಿನ್ನೆ "ದೊಡ್ಡಮ್ಮನೂ ಹೀಗಾ?" ಎಂದವನೂ ಸೇರಿದಂತೆ ಅಷ್ಟೂ ಜನರ ಎದುರಿಗೆ, "ತಪ್ಪು ತಕ್ಕಡೀದಲ್ಲ, ನನ್ನದು. ತಪ್ಪಾಯ್ತು ದೊಡ್ಡಮ್ಮ" ಎಂದು ಕೈ ಮುಗಿದೆ.

"ಏನು ತಪ್ಪು ಅಂತ ಸರಿಯಾಗಿ ಗೊತ್ತಾಗಲಿ. ಹತ್ತಿ" ಎಂದರು ದೊಡ್ಡಮ್ಮ, ತಕ್ಕಡಿ ತೋರಿಸಿ.

ಹತ್ತಿದೆ. ಎಂಬತ್ತಮೂರು ಪಾಯಿಂಟ್ ಐದು!

"ಅರ್ಧ ಕಿಲೋ ಇಳಿದಿದೀನಿ!" ಎಂದು ಕೂಗಿದೆ. "ಒಂದೇ ಬೆಳಿಗ್ಗೆಗೆ!"

"ಅದು ಬೆವರು ಸಾರ್. ಒಂದೆರಡು ಲೋಟ ನೀರು ಕುಡೀರಿ, ವಾಪಸ್ ಬರುತ್ತೆ."

ನೀರು ಅವರೇ ಕೊಟ್ಟರು. ಅದು ಕ್ಷಮೆ ಎಂದುಕೊಂಡು ನಾನು ಗಟಗಟ ಕುಡಿದೆ. ಕ್ಷಮೆ ಅಷ್ಟು ಅಗ್ಗವಾಗಿರಲಿಲ್ಲ.

"ನಿಮ್ಮ ನೋಟೀಸನ್ನ ಊರೆಲ್ಲ ಓದಿದೆ" ಎಂದರು ದೊಡ್ಡಮ್ಮ. "ಕಿತ್ತಿದ್ದನ್ನ ನೋಡಿದೋರು ಹತ್ತೇ ಜನ. ಅದಕ್ಕೆ ನಾನೂ ಒಂದು ನೋಟೀಸು ಹಾಕ್ತೀನಿ. ಪ್ರತಿ ಸೋಮವಾರ ಬೆಳಿಗ್ಗೆ ಬಂದು ಹತ್ತಿ ಹೋಗಿ. ನಡ್ಕೊಂಡು ಬರಬೇಕು, ಜೀಪಲ್ಲಿ ಅಲ್ಲ. ತಕ್ಕಡಿ ಸರಿ ಇದೆ ಅಂತ ಇನ್ಸ್‌ಪೆಕ್ಟರೇ ನಂಬಿ ನಿಂತ್ರೆ, ಜನಾನೂ ನಂಬ್ತಾರೆ." ಹೀಗೆಂದು ಕರಿಹಲಗೆಯ ಹತ್ತಿರ ಹೋಗಿ, ಪೇಪರ್, ಕಬ್ಬಿಣ, ತಾಮ್ರಗಳ ಕೆಳಗೆ, ಗುಂಡು ಗುಂಡಾದ ಅಕ್ಷರದಲ್ಲಿ ಬರೆದರು:

'ಇನ್ಸ್‌ಪೆಕ್ಟರ್ ೮೩.೫'

ಮೊದಲ ವಾರ ನಾನು ಆ ಬೀದಿಗೆ ತಲೆ ತಗ್ಗಿಸಿಕೊಂಡೇ ಹೋದೆ. ಎರಡನೇ ವಾರ ತಲೆ ಎತ್ತಿದರೂ ಪ್ರಯೋಜನವಿರಲಿಲ್ಲ. ಊರಿಗೆ ಊರೇ ನನ್ನ ತೂಕ ಓದುತ್ತಿತ್ತು. ತಪಾಸಣೆಗೆ ಹೋದಲ್ಲೆಲ್ಲ ಅಂಗಡಿಯವರು "ಬನ್ನಿ ಸಾರ್, ಎಂಬತ್ತೆರಡೂವರೆ ಅಲ್ವಾ ಈ ವಾರ?" ಎಂದು ಕುಶಲ ವಿಚಾರಿಸುತ್ತಿದ್ದರು. ಕೈ ಬಿಸ್ಕತ್ತಿನತ್ತ ಹೋದರೆ ಹಲಗೆ ಕಣ್ಣ ಮುಂದೆ ಬರುತ್ತಿತ್ತು. ದಿನಾ ಅರ್ಧ ಗಂಟೆ ನಡೆಯತೊಡಗಿದೆ. ಮಹಡಿ ಹತ್ತುವಾಗ ದೀಪ ಬಯ್ಯುವುದನ್ನು ಬಿಟ್ಟೆ. ನಿಲ್ಲಬೇಕೆನಿಸಿದರೆ ನಿಂತೇ ನಿಲ್ಲುತ್ತೇನೆ, ಯಾರ ಮೇಲೂ ತಪ್ಪು ಹೊರಿಸದೆ. ಬಟ್ಟುಗಳನ್ನು ನಾನೇ ಇಳಿಸುತ್ತೇನೆ. ದೇಹವಾಣಿಯನ್ನು ದೊಡ್ಡಮ್ಮನಿಗೇ ಹಾಕಿದೆ. ಇನ್ನೂರು ಪುಟ, ಮುನ್ನೂರು ಗ್ರಾಂ. ಅದರಲ್ಲಿ ಒಂದು ಗ್ರಾಂ ಕೂಡ ನಿಜವಿರಲಿಲ್ಲ.

ಎರಡು ತಿಂಗಳಿಗೆ ಎಪ್ಪತ್ತೊಂಬತ್ತಕ್ಕೆ ಬಂದೆ! ಮದುವೆಯ ಪ್ಯಾಂಟು ಸಡಿಲವಾಯಿತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು, ಎದೆಯುಬ್ಬಿಸಿ ಹೆಂಡತಿಯ ಮುಂದೆ ನಿಂತೆ. "ನೋಡೇ! ಆ ಸ್ಕರ್ಟಿನ ತೇಪೆ ಕಿತ್ತು ಹಾಕು. ನಾನು ಈಗ ಸ್ವತಂತ್ರ!"

"ಇರಲಿ ಬಿಡಿ" ಎಂದಳು ಅವಳು, ಮೆಷಿನ್ನಿನಿಂದ ತಲೆ ಎತ್ತದೆ. "ಇನ್ನು ಮೇಲೆ ಆ ಪ್ಯಾಂಟಿಗೆ ನಾನು ಕತ್ತರಿ ಮುಟ್ಟಿಸಲ್ಲ. ಬಿಡೋದೂ ಇಲ್ಲ, ಹಿಡಿಯೋದೂ ಇಲ್ಲ."

ನನಗೆ ರೇಗಿತು. ಇಷ್ಟು ಸಾಧಿಸಿದವನಿಗೆ ಒಂದು ಮೆಚ್ಚುಗೆಯ ಮಾತಿಲ್ಲವೇ? ಮಾರನೇ ದಿನ ಸೋಮವಾರ. ಬೆಳಗಾದರೂ ಮುನಿಸಿನಿಂದ ಹೊದಿಕೆ ಎಳೆದುಕೊಂಡು ಮಲಗಿದೆ. ಬಹಳ ದಿನಗಳ ಮೇಲೆ ಆ ಹಳೆಯ ಸಿಹಿ ದನಿ ಕಿವಿಯಲ್ಲಿ ಉಸುರಿತು: "ಒಂದು ವಾರ ಬಿಟ್ಟರೆ ಏನಾಗುತ್ತೆ? ಪಾಪ, ಎಷ್ಟು ದಣಿದಿದ್ದೀಯ!" ಎಷ್ಟು ಅರ್ಥ ಮಾಡಿಕೊಳ್ಳುವ ದೇಹ! ಮಗ್ಗುಲು ಬದಲಿಸಿದೆ. ಹೆಂಡತಿ ಎಬ್ಬಿಸಲಿಲ್ಲ. ಅದರಿಂದಲೇ ನನಗೆ ಅನುಮಾನ ಬರಬೇಕಿತ್ತು.

ಅರ್ಧ ಗಂಟೆಯಲ್ಲಿ, ಶಾಲೆಗೆಂದು ಹೊರಟಿದ್ದ ಮಗಳು ಮೂರು ಮಹಡಿ ಒಂದೇ ಉಸಿರಿಗೆ ಹತ್ತಿ ವಾಪಸ್ ಓಡಿಬಂದಳು.

"ಅಪ್ಪಾ! ದೊಡ್ಡಮ್ಮ ಹಲಗೆ ಮೇಲೆ ನಿನ್ನ ಹೆಸರು ಬರೆದಿದಾರೆ, ಎಲ್ಲರೂ ನಿಂತು ಓದ್ತಿದಾರೆ!"

"ಎಷ್ಟು ಅಂತ ಬರೆದಿದಾರೆ? ನಾನು ಹತ್ತೇ ಇಲ್ಲವಲ್ಲ!"

"ಎಷ್ಟೂ ಇಲ್ಲ. ತಾಮ್ರದ ಕೆಳಗೆ ಬರೆದಿದಾರೆ." ಮಗಳು ಉಸಿರು ಎಳೆದುಕೊಂಡು ಒಪ್ಪಿಸಿದಳು. "'ಇನ್ಸ್‌ಪೆಕ್ಟರ್: ಮಾಲು ಬಂದಿಲ್ಲ.'"

ನಾನು ಚಪ್ಪಲಿ ಹುಡುಕಿದೆ. ಅವು ಆಗಲೇ ಬಾಗಿಲ ಹೊರಗೆ, ಬೀದಿಯ ಕಡೆಗೆ ಮುಖ ಮಾಡಿ ಜೋಡಿಸಿಟ್ಟಿದ್ದವು. ಒಳಗೆ ಮೆಷಿನ್ನು ಟರ್ರ್ ಎಂದು ಓಡುತ್ತಿತ್ತು.